ಸ್ವಲ್ಪ ಕೆಟ್ಟದಾಗಿ ತೆಗೆಯಿರಿ

1997ರ ಆಷಾಢದ ಒಂದು ಮಧ್ಯಾಹ್ನ ಒಬ್ಬ ತಂದೆ ನನ್ನ ಸ್ಟುಡಿಯೋಗೆ ಬಂದರು. ಕೊಡೆಯ ನೀರನ್ನು ಬಾಗಿಲ ಹೊರಗೇ ಕೊಡವಿ, ಅಂಗಿಯ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಕೌಂಟರಿನ ಮೇಲಿಟ್ಟರು. ಒಳಗಿದ್ದದ್ದು ಅವರ ಮಗಳ ಫೋಟೋ. ಮೂರು ತಿಂಗಳ ಹಿಂದೆ ನಾನೇ ತೆಗೆದದ್ದು.

"ಇನ್ನೊಂದು ತೆಗೆದುಕೊಡಿ," ಎಂದರು.

"ಇದರಲ್ಲಿ ಏನು ತಪ್ಪಾಗಿದೆ?"

"ತಪ್ಪೇನೂ ಇಲ್ಲ. ಅದೇ ತೊಂದರೆ. ಈ ಸಲ ಸ್ವಲ್ಪ ಕೆಟ್ಟದಾಗಿ ತೆಗೆಯಿರಿ."

ಸಾಗರದ ಪೇಟೆಯಲ್ಲಿ ನಾನು ಅಂಗಡಿ ತೆರೆದದ್ದು 1991ರಲ್ಲಿ. ಅಂದಿನಿಂದ ಇಂದಿನವರೆಗೆ ಬೆಳ್ಳಗೆ ಬರಬೇಕು, ತೆಳ್ಳಗೆ ಬರಬೇಕು, ಕನ್ನಡಕ ಕಾಣಬಾರದು, ಬೋಳುತಲೆ ಕಾಣಬಾರದು, ಸತ್ತುಹೋದ ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಬೇಕು ಎಂದೆಲ್ಲ ಕೇಳಿದವರಿದ್ದಾರೆ. ಕೆಟ್ಟದಾಗಿ ತೆಗೆಯಿರಿ ಎಂದು ಹಣ ಕೊಟ್ಟವರು ಅವರೊಬ್ಬರೇ.

ನಡೆದದ್ದು ಇಷ್ಟು. ಫೋಟೋ ನೋಡಿ ಮೂರು ಕಡೆಯವರು ಹುಡುಗಿಯನ್ನು ನೋಡಲು ಬಂದಿದ್ದರು. ಉಪ್ಪಿಟ್ಟು, ಕೇಸರಿಭಾತು ತಿಂದರು. ಹುಡುಗಿ ಕಾಫಿಯ ತಟ್ಟೆ ಹಿಡಿದು ಬಂದಾಗ ಅವಳನ್ನು ನೋಡುವ ಬದಲು ಅವಳ ಹಿಂದಿದ್ದ ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದರಂತೆ, ಫೋಟೋದವಳು ಇನ್ನೂ ಒಳಗಿದ್ದಾಳೆ ಎಂಬಂತೆ. ಮೂರನೆಯ ಕಡೆಯ ಒಬ್ಬ ಅತ್ತೆಯಂತೂ ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟರು: "ಫೋಟೋ ಇವಳ ಅಕ್ಕನದೋ?"

ನನಗೆ ನಾಚಿಕೆಯಾಯಿತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಆ ಮೊದಲ ಫೋಟೋ ಹೇಗೆ ಆಯಿತು ಎಂಬುದನ್ನು ಈಗ ಹೇಳಬಹುದು. ಆಗ ನನ್ನ ಬಳಿ ಇದ್ದದ್ದು ಯಾಶಿಕಾ ಕಂಪನಿಯ ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ; ಮೇಲಿನ ಲೆನ್ಸು ನಾನು ನೋಡುವುದಕ್ಕೆ, ಕೆಳಗಿನದು ಫಿಲ್ಮಿಗೆ. ಸ್ಟುಡಿಯೋದ ನೆಲದಲ್ಲಿ, ಕುರ್ಚಿಯಿಂದ ಆರು ಅಡಿ ದೂರಕ್ಕೆ, ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಸ್ಟ್ಯಾಂಡಿನ ಕಾಲು ಆ ಗೆರೆ ದಾಟಿ ಮುಂದೆ ಹೋಗಕೂಡದು ಎಂಬುದು ನನಗೆ ಕೆಲಸ ಕಲಿಸಿದ ಶಿವಮೊಗ್ಗದ ಗುರುಗಳ ಕಟ್ಟಪ್ಪಣೆ. ಹುಡುಗಿಯ ಎಡಗಡೆ ಎತ್ತರದಲ್ಲಿ ಒಂದು ಬಿಳಿ ಕೊಡೆಯ ಲೈಟು; ಬಲಗಡೆ ಥರ್ಮೋಕೋಲ್ ಹಾಳೆ, ನೆರಳು ಗಾಢವಾಗದಿರಲಿ ಎಂದು. ಲೆನ್ಸಿಗೆ ತೆಳುವಾದ ನೈಲಾನ್ ಕಾಲುಚೀಲದ ಬಟ್ಟೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದೆ. ಮೊಡವೆಯ ಗುರುತು, ಚರ್ಮದ ರಂಧ್ರ ಎಲ್ಲ ಅದರಲ್ಲಿ ಕರಗಿಹೋಗುತ್ತವೆ, ಕಣ್ಣಿನ ಹೊಳಪು ಮಾತ್ರ ಉಳಿಯುತ್ತದೆ. ಗದ್ದವನ್ನು ಸ್ವಲ್ಪ ಮುಂದಕ್ಕೆ ಚಾಚಿ ಕೆಳಗೆ ಮಾಡಿಸಿದೆ. ಹೀಗೆ ಕೂರುವಾಗ ಯಾರಿಗೂ ಹಿತವೆನಿಸುವುದಿಲ್ಲ, ಆಮೆ ತಲೆ ಹೊರಹಾಕಿದಂತೆ ಅನಿಸುತ್ತದೆ. ಆದರೆ ಎದುರಿನಿಂದ ನೋಡಿದರೆ ದವಡೆಯ ಗೆರೆ ಚಾಕುವಿನಂತೆ ಬರುತ್ತದೆ. ಕೊನೆಗೆ ರೋಲನ್ನು ಶಿವಮೊಗ್ಗದ ಲ್ಯಾಬಿಗೆ ಕಳಿಸುವಾಗ ಲಕೋಟೆಯ ಮೇಲೆ "ಮುಖ ಬೆಳ್ಳಗೆ" ಎಂದು ಬರೆದೆ.

ಈ "ಬೆಳ್ಳಗೆ" ಎಂಬ ಮಾತಿಗೆ ಬಂದರೆ ನನಗೆ ಇವತ್ತಿಗೂ ಕಸಿವಿಸಿ. ಬಣ್ಣದ ಫಿಲ್ಮು ಹುಟ್ಟಿದ್ದೇ ಬಿಳಿಯರ ಚರ್ಮವನ್ನು ಅಳತೆಗೋಲಾಗಿ ಇಟ್ಟುಕೊಂಡು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಲೆಂದು ಕಳಿಸುತ್ತಿದ್ದ ಮಾದರಿ ಕಾರ್ಡಿನ ಮೇಲೆ ಒಬ್ಬ ಬಿಳಿ ಹೆಂಗಸಿನ ಚಿತ್ರವಿರುತ್ತಿತ್ತು. ಆ ಕಾರ್ಡಿಗೆ "ಶರ್ಲಿ" ಎಂದೇ ಹೆಸರು. ಶರ್ಲಿಯ ಕೆನ್ನೆ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದು ಅರ್ಥ. ನಮ್ಮ ಮಲೆನಾಡಿನ ಗದ್ದೆ ತೋಟಗಳಲ್ಲಿ ಬಿಸಿಲುಂಡ ಕೆನ್ನೆಗಳು ಆ ಲೆಕ್ಕದಲ್ಲಿ ಎಲ್ಲಿ ಬರಬೇಕು? ಬೆಳಕು ಅಳೆಯುವ ಮೀಟರಿನದು ಬೇರೆಯೇ ಕಥೆ. ಅದು ಎದುರಿಗಿರುವ ಎಲ್ಲವನ್ನೂ ಕಲಸಿ ಒಂದು ನಡುವಿನ ಬೂದು ಬಣ್ಣವೆಂದು ಭಾವಿಸುತ್ತದೆ. ಸುಣ್ಣ ಬಳಿದ ಶಾಲೆಯ ಗೋಡೆಯ ಮುಂದೆ ಬಿಳಿ ಅಂಗಿಯ ನಲವತ್ತು ಮಕ್ಕಳನ್ನು ನಿಲ್ಲಿಸಿದರೆ ಅದು ಹೆದರಿ ಬೆಳಕು ತಗ್ಗಿಸುತ್ತದೆ. ಕಪ್ಪು ಮಗುವಿನ ಮುಖದಲ್ಲಿ ಹಲ್ಲೊಂದೇ ಉಳಿಯುತ್ತದೆ. ಆ ಮಗು ಆ ಫೋಟೋವನ್ನು ಜೀವನಪರ್ಯಂತ ನೋಡಿ ತಾನು ಹಾಗೆಯೇ ಇದ್ದೆ ಎಂದುಕೊಳ್ಳುತ್ತದೆ. ತಪ್ಪು ಮಾಡಿದ್ದು ಗೋಡೆ. ಇಂಥ ಕಡೆ ಮೀಟರಿನ ಮಾತು ಕೇಳದೆ ಒಂದೂವರೆ ಸ್ಟಾಪ್ ಹೆಚ್ಚು, ಅಂದರೆ ಅದು ಹೇಳಿದ್ದರ ಸುಮಾರು ಮೂರು ಪಟ್ಟು, ಬೆಳಕು ಕೊಡುವುದನ್ನು ನಾನು ಕಲಿಯುವ ಹೊತ್ತಿಗೆ ನಾಲ್ಕೈದು ಶಾಲೆಗಳ ಮಕ್ಕಳನ್ನು ಹಾಳು ಮಾಡಿದ್ದೆ.

ಇರಲಿ, ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮರುದಿನ ತಂದೆಯೂ ಮಗಳೂ ಬಂದರು. ಕೆಟ್ಟದಾಗಿ ತೆಗೆಯುವುದು ಸುಲಭ ಎಂದು ನಾನು ಭಾವಿಸಿದ್ದೆ. ಕಾಲುಚೀಲ ಬಿಚ್ಚಿದೆ, ಪೌಡರ್ ಡಬ್ಬಿಯನ್ನು ಒಳಗಿಟ್ಟೆ. ಮೇಲಿನ ಟ್ಯೂಬ್‌ಲೈಟ್ ಒಂದನ್ನೇ ಹಾಕಿ, ಗೆರೆ ದಾಟಿ ನಾಲ್ಕು ಅಡಿಗೆ ಬಂದು, ನೇರವಾಗಿ ಕೂರಿಸಿ ಎರಡು ತೆಗೆದೆ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮೂರಿನ ಮಳೆಗಾಲದಲ್ಲಿ ಕರೆಂಟು ಇರುವುದೇ ಸುದ್ದಿ. ಬಾಗಿಲನ್ನು ಪೂರ್ತಿ ತೆರೆದು, ಹುಡುಗಿಯನ್ನು ಹೊಸ್ತಿಲಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ರೋಲಿನಲ್ಲಿ ಉಳಿದ ಹತ್ತನ್ನೂ ಅಲ್ಲಿಯೇ ತೆಗೆದೆ. ಅವಳು ಸುಮ್ಮನೆ ಕೂರುವವಳಲ್ಲ. ಮೊದಲ ಸಲ ಬಂದಾಗ ಹೆದರಿ ಕಲ್ಲಾಗಿದ್ದಳು. ಈ ಸಲ ಅಪ್ಪನ ಬೇಡಿಕೆ ಅವಳಿಗೇ ನಗು ತರಿಸಿತ್ತು. "ಎಷ್ಟು ಕೆಟ್ಟದಾಗಿ ಬರಬೇಕು, ಕಾಲು ಕೇಜಿಯೋ ಅರ್ಧ ಕೇಜಿಯೋ?" ಎಂದು ಕೇಳಿದಳು. ಮಾತಾಡುವಾಗ ಒಂದು ಹುಬ್ಬು ಮೊದಲು ಮೇಲೆ ಹೋಗುತ್ತಿತ್ತು. ನಗು ಅದಕ್ಕಿಂತ ಅರೆಕ್ಷಣ ತಡವಾಗಿ, ಅನುಮತಿ ಕೇಳಿಕೊಂಡು ಬಂದಂತೆ ಬರುತ್ತಿತ್ತು. ಅಷ್ಟು ಚೆಂದದ ಹುಡುಗಿಯನ್ನು ಬಿಟ್ಟು ಅಡುಗೆಮನೆಯ ಬಾಗಿಲು ನೋಡಿದವರು ಎಂಥ ಗಂಡಿನ ಕಡೆಯವರಪ್ಪಾ ಎಂದುಕೊಂಡೆ.

ವಾರದ ನಂತರ ಹನ್ನೆರಡು ಮುದ್ರಣಗಳು ಬಂದವು. ಹನ್ನೆರಡರಲ್ಲಿ ಹನ್ನೆರಡು ಹುಡುಗಿಯರು. ಟ್ಯೂಬ್‌ಲೈಟಿನ ಎರಡರಲ್ಲಿ ಕಣ್ಣಿನ ಕುಳಿ ಕಪ್ಪಾಗಿ, ಹಣೆ ಬೆಳ್ಳಗಾಗಿ, ಹದಿನೈದು ದಿನ ಜ್ವರ ಬಿದ್ದೆದ್ದವಳಂತಿದ್ದಳು. ಉಳಿದವುಗಳಲ್ಲಿ ಮೂರರಲ್ಲಿ ಕಣ್ಣು ಮುಚ್ಚಿತ್ತು, ಒಂದರಲ್ಲಿ ಬಾಯಿ ಯಾವುದೋ ಅಕ್ಷರದ ನಡುವೆ ಸೊಟ್ಟಗೆ ನಿಂತಿತ್ತು. ಎರಡು ಪರವಾಗಿಲ್ಲ, ನಾಲ್ಕು ಚೆನ್ನಾಗಿದ್ದವು. ಯಾವುದೂ ಬಾಗಿಲಲ್ಲಿ ಕೂತು ಕೇಜಿಯ ಲೆಕ್ಕ ಕೇಳಿದವಳಲ್ಲ. ಹುಬ್ಬು ಏರಿದ ಕ್ಷಣ ಒಂದರಲ್ಲಿತ್ತು, ನಗು ಬಂದ ಕ್ಷಣ ಇನ್ನೊಂದರಲ್ಲಿತ್ತು. ಆ ಹುಬ್ಬಿನಿಂದ ಆ ನಗುವಿಗೆ ಹೋದ ದಾರಿ ಯಾವುದರಲ್ಲೂ ಇರಲಿಲ್ಲ.

ಇದಕ್ಕೊಂದು ಹೆಸರಿದೆ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ಕ್ಯಾಲಿಫೋರ್ನಿಯಾದ ಸಂಶೋಧಕರು 2012ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮಾತಾಡುತ್ತಿರುವವರ ಚಿಕ್ಕ ವಿಡಿಯೋಗಳನ್ನು ಜನರಿಗೆ ತೋರಿಸಿದರು, ಅದೇ ವಿಡಿಯೋಗಳಿಂದ ಕಿತ್ತ ಸ್ಥಿರಚಿತ್ರಗಳನ್ನೂ ತೋರಿಸಿದರು. ಅವೇ ಮುಖಗಳು, ಆದರೂ ಚಲಿಸುವಾಗ ಚೆಂದ ಕಂಡದ್ದು ನಿಲ್ಲಿಸಿದಾಗ ಕಾಣಲಿಲ್ಲ. ಹೆಪ್ಪುಗಟ್ಟಿದ ಮುಖ ಎಂಬರ್ಥದ ಹೆಸರನ್ನು ಅದಕ್ಕೆ ಕೊಟ್ಟರು. ನಾವು ಎದುರಿಗಿರುವವರನ್ನು ಒಂದೊಂದೇ ಕ್ಷಣವಾಗಿ ನೋಡುವುದಿಲ್ಲ. ಸೊಟ್ಟ ಬಾಯಿ, ಅರೆಮುಚ್ಚಿದ ರೆಪ್ಪೆ ಎಲ್ಲವನ್ನೂ ಸೇರಿಸಿ ಒಂದು ಮುಖ ಮಾಡಿಕೊಳ್ಳುತ್ತೇವೆ. ಕ್ಯಾಮೆರಾಕ್ಕೆ ಆ ಔದಾರ್ಯ ಇಲ್ಲ. ಸೆಕೆಂಡಿನ 125ನೇ ಒಂದು ಭಾಗದಲ್ಲಿ ಏನು ಸಿಕ್ಕಿತೋ ಅದೇ ನೀವು.

ಹಾಗಾದರೆ ಫೋಟೋದಲ್ಲಿ ಸದಾ ಚೆನ್ನಾಗಿ ಬರುವವರು ಯಾರು? ಅಲುಗದಿದ್ದರೂ ಏನೂ ಕಳೆದುಕೊಳ್ಳದವರು. ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ಇದ್ದ. ಎತ್ತರದ ಕೆನ್ನೆಮೂಳೆ, ಒಳಗಿಳಿದ ಕಣ್ಣು, ಹುಬ್ಬಿನ ಮೂಳೆ ಮುಂದಕ್ಕೆ. ಲೈಟಿಗೆ ಮೂಳೆ ಎಂದರೆ ಪ್ರೀತಿ. ಏಣು ಇದ್ದಲ್ಲಿ ಬೆಳಕು, ತಗ್ಗು ಇದ್ದಲ್ಲಿ ನೆರಳು, ಯಾವ ಕೋನದಿಂದ ತೆಗೆದರೂ ಹಳೇಬೀಡಿನ ಕಲ್ಲಿನಲ್ಲಿ ಕಡೆದಂತೆ. ಗುರುತಿನ ಚೀಟಿಗೆಂದು ಬಂದವನನ್ನು ಹಿಡಿದು ಕೂರಿಸಿ ದೊಡ್ಡದೊಂದು ಕಪ್ಪುಬಿಳುಪು ಚಿತ್ರ ತೆಗೆದು ಅಂಗಡಿಯ ಗಾಜಿನ ಕಪಾಟಿನಲ್ಲಿ ಹಾಕಿದೆ. ಬಂದವರೆಲ್ಲ "ಯಾವ ಸಿನಿಮಾದವರು?" ಎಂದು ಕೇಳುತ್ತಿದ್ದರು. ಅದೇ ಕಪಾಟಿಗೆ ಒರಗಿ ಆ ಕಂಡಕ್ಟರ್ ಕವಳ ಜಗಿಯುತ್ತ ಬಸ್ಸಿಗೆ ಕಾಯುತ್ತಿದ್ದ. ಹಿಂದಿದ್ದ ಚಿತ್ರವನ್ನೂ ಮುಂದಿದ್ದ ಮನುಷ್ಯನನ್ನೂ ಯಾರೂ ಜೋಡಿಸಲಿಲ್ಲ. ಜೋಡಿಸುವುದಾದರೂ ಹೇಗೆ? ಅವನು ಬಾಯಿ ತೆರೆದರೆ ಕೆಂಪು ಹಲ್ಲು, ನಡೆದರೆ ಭುಜ ಜೋತುಬಿದ್ದು ಚೀಲದಂತೆ. ಮುಖದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಭಾವ, ಅದು ಚಿಲ್ಲರೆ ಇಲ್ಲ ಎಂಬ ಭಾವ. ಕ್ಯಾಮೆರಾಕ್ಕೆ ಅದೇ ಬೇಕಿತ್ತು.

ಮುಖಕ್ಕಿಂತ ಹೆಚ್ಚು ಕೇಡು ಮಾಡುವುದು ದೂರ. ಲೆನ್ಸಿನ ಮೇಲೆ ತಪ್ಪು ಹೊರಿಸುವುದು ಎಲ್ಲರಿಗೂ ಅಭ್ಯಾಸ, ಆದರೆ ಮುಖದ ಆಕಾರ ಕೆಡುವುದು ಕ್ಯಾಮೆರಾ ಎಷ್ಟು ಹತ್ತಿರ ಬಂತು ಎಂಬುದರಿಂದ. ಮೂಗಿನ ತುದಿಯಿಂದ ಕಿವಿಯವರೆಗೆ ಹಿಂದಕ್ಕೆ ಸುಮಾರು ಹನ್ನೆರಡು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊಬೈಲನ್ನು ಮೂಗಿನಿಂದ 30 ಸೆಂಟಿಮೀಟರಿನಲ್ಲಿ ಹಿಡಿದರೆ ಕಿವಿ 42ರಲ್ಲಿರುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ನಲವತ್ತರಷ್ಟು ಉಬ್ಬುತ್ತದೆ. ನನ್ನ ಕೆಂಪು ಗೆರೆಯ ಆರು ಅಡಿಯಲ್ಲಿ, ಅಂದರೆ ಸುಮಾರು 180 ಸೆಂಟಿಮೀಟರಿನಲ್ಲಿ, ಅದೇ ಲೆಕ್ಕ ನೂರಕ್ಕೆ ಏಳರ ಒಳಗೆ ನಿಲ್ಲುತ್ತದೆ. ಹನ್ನೆರಡು ಅಂಗುಲದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದು ಅಡಿಯಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಕಟ್ಟಿದರು. ಮೂಗು ಸಣ್ಣದು ಮಾಡಿಸಿಕೊಳ್ಳಲು ಬರುವವರು ಸೆಲ್ಫಿ ತೋರಿಸಿ ಅಳುತ್ತಿದ್ದರಂತೆ. ನನ್ನ ಗುರುಗಳು ಇದ್ದಿದ್ದರೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ಒಂದು ಕೆಂಪು ಗೆರೆ ಎಳೆಯುತ್ತಿದ್ದರು.

ಕನ್ನಡಿಯ ವಿಷಯ ಇನ್ನೂ ತಮಾಷೆಯದು. "ನನ್ನ ಫೋಟೋ ನನ್ನಂತಿಲ್ಲ, ನೆಗೆಟಿವ್ ತಿರುಗಿಸಿ ಹಾಕಿದ್ದೀರಿ" ಎಂದು ಜಗಳಕ್ಕೆ ಬರುವವರು ವರ್ಷಕ್ಕೆ ನಾಲ್ಕಾರು ಜನ ಇರುತ್ತಿದ್ದರು. ಅಂಗಿಯ ಜೇಬು ಎಡಗಡೆಯೇ ಇದೆಯಲ್ಲ ಸ್ವಾಮಿ ಎಂದು ತೋರಿಸಿ ಸಮಾಧಾನ ಮಾಡುತ್ತಿದ್ದೆ. ಒಬ್ಬ ನಿವೃತ್ತ ಮೇಷ್ಟರು ಮಾತ್ರ ಬಗ್ಗಲಿಲ್ಲ. ಹಟಕ್ಕೆ ಬಿದ್ದು, ಜೇಬು ಕಾಣದಂತೆ ಮುಖ ಮಾತ್ರ ಉಳಿಸಿ, ನೆಗೆಟಿವ್ ನಿಜವಾಗಿಯೇ ತಿರುಗಿಸಿ ಇನ್ನೊಂದು ಮುದ್ರಿಸಿ ಕೊಟ್ಟೆ. ಮೇಷ್ಟರು ಅರಳಿದರು. "ಈಗ ನೋಡಿ, ಇದು ನಾನು!" ಪಕ್ಕದಲ್ಲಿದ್ದ ಅವರ ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿ, "ಇದು ನಿಮ್ಮ ತಮ್ಮನ ಹಾಗಿದೆ. ಮೊದಲಿನದೇ ಸರಿ," ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅರವತ್ತು ವರ್ಷ ಕನ್ನಡಿಯಲ್ಲಿ ಅವರು ಕಂಡದ್ದು ಎಡಬಲ ಅದಲುಬದಲಾದ ಮುಖ. ನಲವತ್ತು ವರ್ಷ ಅವರ ಹೆಂಡತಿ ಎದುರಿಗೆ ಕಂಡದ್ದು ಇನ್ನೊಂದನ್ನು. ಇದೇ ಪರೀಕ್ಷೆಯನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿದ್ವಾಂಸರು 1977ರಲ್ಲಿಯೇ ಶಾಸ್ತ್ರೋಕ್ತವಾಗಿ ಮಾಡಿ ಮುಗಿಸಿದ್ದರು ಎಂದು ಓದಿದಾಗ ನನ್ನ ಹೆಮ್ಮೆ ಸ್ವಲ್ಪ ಇಳಿಯಿತು. ಅಲ್ಲಿಯೂ ಹೆಚ್ಚಿನವರು ತಮ್ಮ ತಿರುಗಿದ ಮುಖವನ್ನೇ ಮೆಚ್ಚಿದರು, ಅವರ ಸ್ನೇಹಿತರು ನೇರ ಮುಖವನ್ನು.

ನನ್ನ ಆ ಯಾಶಿಕಾದಲ್ಲಿ ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕಿತ್ತು. ಒಳಗೊಂದೇ ಕನ್ನಡಿ ಇದ್ದದ್ದರಿಂದ ಆ ಗಾಜಿನಲ್ಲಿ ಎಡಬಲ ಅದಲುಬದಲಾಗಿಯೇ ಕಾಣುತ್ತಿತ್ತು. ಹಾಗಾಗಿ ಗುಂಡಿ ಒತ್ತುವ ಕ್ಷಣದಲ್ಲಿ ನಾನು ನೋಡುತ್ತಿದ್ದದ್ದು ಅವರವರು ಮನೆಯ ಕನ್ನಡಿಯಲ್ಲಿ ಕಾಣುವ ಮುಖವನ್ನೇ. ಫಿಲ್ಮಿನ ಮೇಲೆ ಬೀಳುತ್ತಿದ್ದದ್ದು ಊರಿನವರು ಕಾಣುವ ಮುಖ. ಎರಡು ಲೆನ್ಸು, ಎರಡು ಮುಖ, ನಡುವೆ ಎರಡು ಅಂಗುಲದ ಅಂತರ.

ಬೆಳಕಿನ ಬಗ್ಗೆ ಹೇಳುತ್ತ ಹೋದರೆ ರಾತ್ರಿಯಾಗುತ್ತದೆ. ಒಂದೇ ಮಾತು: ಏಪ್ರಿಲ್, ಮೇ ತಿಂಗಳಿನ ಮದುವೆಗಳಲ್ಲಿ ಯಾರೂ ಚೆನ್ನಾಗಿ ಬರುವುದಿಲ್ಲ, ಅದಕ್ಕೆ ಮುಖ ಕಾರಣವಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ಹಳದಿ ಶಾಮಿಯಾನ ಹಾಕಿದರೆ ಬೀಗರೆಲ್ಲರಿಗೂ ಕಾಮಾಲೆ, ನೀಲಿ ಟಾರ್ಪಾಲು ಹಾಕಿದರೆ ಎಲ್ಲರೂ ವಿಷ ಕುಡಿದ ಶಿವಂದಿರು. ನಮ್ಮ ಹಳೆಯ ಅಡಿಕೆ ಸೋಗೆಯ ಚಪ್ಪರವೇ ವಾಸಿ. ಅದು ನೆರಳು ಕೊಡುತ್ತದೆ, ಬಣ್ಣ ಬಳಿಯುವುದಿಲ್ಲ. ಮುಖಕ್ಕೆ ಎಲ್ಲಕ್ಕಿಂತ ಒಳ್ಳೆಯದು ನಮ್ಮ ಜುಲೈ ತಿಂಗಳು. ಆಕಾಶವೆಲ್ಲ ಒಂದೇ ಬಿಳಿ ಕೊಡೆ. ತೆರೆದ ಬಾಗಿಲಿನಿಂದ ಒಂದೇ ಕಡೆಯಿಂದ ಒಳಬರುವ ಬೆಳಕು ಕೆನ್ನೆಯನ್ನು ಸವರಿಕೊಂಡು ಹೋಗುತ್ತದೆ. ಆದರೆ ಆಷಾಢದಲ್ಲಿ ಯಾರು ಮದುವೆಯಾಗುತ್ತಾರೆ ಹೇಳಿ.

ಈಗ ಬರುವ ಮಕ್ಕಳು ಮೊಬೈಲಿನಲ್ಲಿ ತಮ್ಮದೇ ಚಿತ್ರ ತೋರಿಸಿ "ಅಂಕಲ್, ಹೀಗೆ ಬರಬೇಕು" ಎನ್ನುತ್ತಾರೆ. ಚರ್ಮ ಬಾಳೆದಿಂಡಿನಂತೆ ನಯ, ಕಣ್ಣು ಒಂದಿಷ್ಟು ದೊಡ್ಡದು, ಗದ್ದ ಚೂಪು. ನಾನು ಬೈಯುವ ಹಾಗಿಲ್ಲ. ಶಿವಮೊಗ್ಗದಲ್ಲಿ ಐದು ವರ್ಷ ನಾನು ಮಾಡಿದ್ದೂ ಇದೇ ಕೆಲಸ, ಚೂಪು ಮಾಡಿದ ಪೆನ್ಸಿಲ್ಲಿನಿಂದ. ಕಣ್ಣಿನ ಕೆಳಗಿನ ಕಪ್ಪು ನೆಗೆಟಿವಿನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ಲಿನ ಕಪ್ಪು ತುಂಬಿದರೆ ಮುದ್ರಣದಲ್ಲಿ ಕಣ್ಣಿನ ಕಪ್ಪು ಮಾಯ. ಕಪ್ಪು ಬಳಿದು ಬೆಳ್ಳಗೆ ಮಾಡುವ ವಿದ್ಯೆ ಅದು. ವ್ಯತ್ಯಾಸವೆಂದರೆ ನಾನು ಒಂದು ಮುಖಕ್ಕೆ ಅರ್ಧ ಗಂಟೆ ಕೂರುತ್ತಿದ್ದೆ, ಯಾವ ಸುಕ್ಕು ಬಿಡಬೇಕು ಎಂದು ಯೋಚಿಸುತ್ತಿದ್ದೆ. ನಗೆಯ ಗೆರೆ ಅಳಿಸಿದ್ದಕ್ಕೆ ಗುರುಗಳು ಒಮ್ಮೆ ಬೆರಳ ಗಂಟಿನಿಂದ ತಲೆಗೆ ಮೊಟಕಿದ್ದರು. ಮೊಬೈಲಿಗೆ ಮೊಟಕುವವರಿಲ್ಲ.

ಆ ತಂದೆಗೆ ಹನ್ನೆರಡು ಮುದ್ರಣಗಳನ್ನೂ ಕೌಂಟರಿನ ಮೇಲೆ ಇಸ್ಪೀಟು ಎಲೆಗಳಂತೆ ಹರಡಿ ತೋರಿಸಿದೆ. ಬಾಗಿಲಿನ ಬೆಳಕಿನಲ್ಲಿ ನಗುತ್ತಿದ್ದ ಒಂದನ್ನು ನಾನು ಆರಿಸಿಟ್ಟಿದ್ದೆ. ಕೆಟ್ಟದೂ ಅಲ್ಲ, ಅತಿಯೂ ಅಲ್ಲ. ಅವರು ಬಹಳ ಹೊತ್ತು ನೋಡಿದರು. "ಇದು ಸರಿಯಾಗಿ ಅವಳೇ," ಎಂದು ಒಪ್ಪಿಕೊಂಡರು. ಅದರ ಮೂರು ಪ್ರತಿಗೆ ಹಣ ಕೊಟ್ಟು, ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದರು.

"ಹಳೆಯ ಫೋಟೋದ ನೆಗೆಟಿವ್ ಇದೆಯಲ್ಲ? ಅದರದೂ ಎರಡು ಪ್ರತಿ ಹಾಕಿ. ಎಲ್ಲಿಗೆ ಯಾವುದು ಬೇಕಾಗುತ್ತದೋ."

ಯಾವುದನ್ನು ಎಲ್ಲಿಗೆ ಕಳಿಸಿದರು ಎಂದು ನನಗೆ ತಿಳಿಯಲಿಲ್ಲ. ಶ್ರಾವಣ ಕಳೆಯಿತು, ಮದುವೆಯ ಫೋಟೋ ಕೆಲಸವೂ ನನಗೆ ಬರಲಿಲ್ಲ. ಕೇಳುವುದಕ್ಕೆ ಹೋಗಲಿಲ್ಲ; ನಮ್ಮ ಕಸುಬಿನಲ್ಲಿ ಕೇಳಬಾರದ ಪ್ರಶ್ನೆಗಳು ಒಂದಷ್ಟಿವೆ.

2023ರ ಮಾರಿಕಾಂಬಾ ಜಾತ್ರೆಯಲ್ಲಿ, ಬಳೆ ಅಂಗಡಿಗಳ ಸಾಲಿನಲ್ಲಿ ನುಗ್ಗಾಟದ ನಡುವೆ ಸಿಕ್ಕಿಕೊಂಡಿದ್ದೆ. ನಮ್ಮೂರಿನಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆಯಲ್ಲಿ ಕೂರಲಾಗುವುದಿಲ್ಲ. ಹಿಂದಿನಿಂದ ಒಂದು ದನಿ: "ಡಜನ್‌ಗೆ ಇಷ್ಟು ಎಂದರೆ ಇದೇನು ಬಳೆಯೋ, ಮೆಣಸಿನ ಕಾಳೋ?" ತಿರುಗಿ ನೋಡದೆಯೇ ಗೊತ್ತಾಯಿತು. ತಿರುಗಿದಾಗ ಕಂಡ ಮುಖ ನನ್ನ ಹದಿಮೂರು ಚಿತ್ರಗಳಲ್ಲಿ ಯಾವುದಕ್ಕೂ ಹೊಂದಲಿಲ್ಲ. ತಲೆ ನರೆತಿತ್ತು, ಮೈ ತುಂಬಿತ್ತು, ಕನ್ನಡಕ ಬಂದಿತ್ತು. ಆಮೇಲೆ ಒಂದು ಹುಬ್ಬು ಮೇಲೆ ಹೋಯಿತು.

"ಕಾಲು ಕೇಜಿ ಫೋಟೋದವರು!" ಎಂದು ಅವಳೂ ಗುರುತು ಹಿಡಿದಳು. ಪಕ್ಕದಲ್ಲಿ ಗಂಡ ಇದ್ದರು, ಎತ್ತರದ ಮಗಳು ಇದ್ದಳು. ಯಾವ ಫೋಟೋ ನೋಡಿ ಒಪ್ಪಿದಿರಿ ಎಂದು ಅವರನ್ನು ಕೇಳಬೇಕೆಂದು ಬಾಯಿಯವರೆಗೂ ಬಂತು. ಅಷ್ಟರಲ್ಲಿ ಮಗಳು ಮೊಬೈಲ್ ಎತ್ತಿ, ಕೈ ಚಾಚಿ, ಎಲ್ಲರನ್ನೂ ಒಟ್ಟಿಗೆ ಎಳೆದಳು. ನಾನು ತಡೆದೆ. ಇಷ್ಟು ಹತ್ತಿರ ಬೇಡ, ಮುಂದೆ ನಿಂತವರ ಮೂಗು ಉಬ್ಬುತ್ತದೆ ಎಂದು ಹೇಳಿ, ಮೊಬೈಲನ್ನು ಬಳೆ ಅಂಗಡಿಯವನ ಕೈಗೆ ಕೊಟ್ಟು, ಅವನನ್ನು ಆರು ಅಡಿ ಹಿಂದಕ್ಕೆ ಕಳಿಸಿದೆ. ಅವನು ಜನರ ನಡುವೆ ಹೇಗೋ ಜಾಗ ಮಾಡಿಕೊಂಡು ಒಂದು ತೆಗೆದ.

ಅವರು ಮೂವರೂ ಚೆನ್ನಾಗಿ ಬಂದಿದ್ದರು. ನಾನು ಕಣ್ಣು ಮುಚ್ಚಿದ್ದೆ.